ಐವತ್ತು ಮಿಲಿಮೀಟರಿನ ಮುದ್ದೆ

ಕೊಡಿಗೇಹಳ್ಳಿಯಲ್ಲಿ ಈಗ ನಾನು ಹಾಲು ತರಲು ಹೋದರೂ ಜನ ಎರಡು ಬೆರಳು ಸೇರಿಸಿ ಗೋಲಿ ಹಿಡಿದಂತೆ ತೋರಿಸುತ್ತಾರೆ. ಕ್ಷೌರದಂಗಡಿಯವನು ಕತ್ತರಿ ನಿಲ್ಲಿಸಿ ನಗುತ್ತಾನೆ. ಮೊನ್ನೆ ಖಾತೆಯ ಕಾಗದ ಕೇಳಲು ಆಫೀಸಿಗೆ ಹೋದರೆ ಗುಮಾಸ್ತ ಅರ್ಜಿಯಲ್ಲಿದ್ದ ನನ್ನ ಹೆಸರು ಓದಿ, "ಓಹೋ, ಬೀಗರಿಗೆ ಪಿಂಡ ಇಟ್ಟೋರು ನೀವೇನಾ?" ಎಂದ. ಕೆಲಸದ ವೇಳೆಯಲ್ಲಿ, ಸರ್ಕಾರದ ಕುರ್ಚಿಯ ಮೇಲೆ ಕೂತು! ಅಷ್ಟಕ್ಕೂ ನಾನು ಮಾಡಿದ ಅಪರಾಧವೇನು? ಒಂದು ಅಂಕಿ ಬದಲಾಯಿಸಿದೆ. ಒಂದೇ ಒಂದು ಅಂಕಿ. ನಡೆದದ್ದನ್ನು ನಡೆದ ಹಾಗೆ ಇಲ್ಲಿ ಬರೆದಿಡುತ್ತೇನೆ, ನ್ಯಾಯ ಯಾವ ಕಡೆ ಇದೆ ಎಂದು ಓದಿದವರು ಹೇಳಲಿ.

ನನ್ನ ಹೆಸರು ನಾಗಭೂಷಣ. ತುಮಕೂರು ರಸ್ತೆಯ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಇಪ್ಪತ್ತಾರು ವರ್ಷ ನಟ್ಟು ಬೋಲ್ಟು ಎಣಿಸಿ ಕೊಟ್ಟವನು. ಒಂದು ವಾಷರ್ ಹೆಚ್ಚುಕಮ್ಮಿಯಾಗಿದ್ದರೆ ಕೇಳಿ. ಸ್ವಯಂ ನಿವೃತ್ತಿ ತೆಗೆದುಕೊಂಡ ಮೇಲೆ ಮನೆಯಲ್ಲಿ ಕೂತರೆ ಹೆಂಡತಿ ನಾಗಲಕ್ಷ್ಮಿ ಅವರೆಕಾಯಿ ಸುಲಿಯಲು ಕೊಡುತ್ತಾಳೆ. ಅವಳ ಕೈಯಿಂದ ತಪ್ಪಿಸಿಕೊಳ್ಳಲು ನಾಗಸಂದ್ರ ಮೆಟ್ರೋ ನಿಲ್ದಾಣದ ಎದುರಿನ ಮಹಡಿಯಲ್ಲಿ ಒಂದು ತಿಂಗಳ ಕೋರ್ಸಿಗೆ ಸೇರಿದೆ. ಬೋರ್ಡಿನಲ್ಲಿ 'ಪ್ಯಾರಾಮೆಟ್ರಿಕ್ ಸಾಲಿಡ್ ಮಾಡೆಲಿಂಗ್: ಒಂದು ಪರಿಚಯ' ಎಂದಿತ್ತು. ಇಪ್ಪತ್ತಾರು ವರ್ಷ ಬೇರೆಯವರ ಡಿಸೈನುಗಳನ್ನು ಎಣಿಸಿದವನಿಗೆ ಒಂದು ಸಲ ತಾನೂ ಡಿಸೈನರ್ ಅನ್ನಿಸಿಕೊಳ್ಳುವ ಆಸೆ ಇರಬಾರದೇ?

ಕಲಿಸುವ ಮೇಡಂ ಪ್ರತಿಭಾ ಗದಗದ ಕಡೆಯವರು, ನನ್ನ ಮಗ ಅಶ್ವತ್ಥನಿಗಿಂತ ಚಿಕ್ಕವರು. ಮೊದಲ ದಿನವೇ ಹೇಳಿದರು: "ನೋಡ್ರಿ ಸರ್, ಇಲ್ಲಿ ನಾವು ಚಿತ್ರ ಬರಿಯೂದಿಲ್ಲ. ವಸ್ತು ಹೆಂಗ ಹುಟ್ಟತೈತಿ ಅನ್ನೂದನ್ನ ಕಂಪ್ಯೂಟರಿಗೆ ತಿಳಿಸಿ ಹೇಳ್ತೀವಿ. ಮೊದ್ಲ ಒಂದು ಗೆರಿ ಚಿತ್ರ. ಅದನ್ನ ಮ್ಯಾಲ ಎಳದ್ರ ಕಂಬ, ಸುತ್ತ ತಿರಗಿಸಿದ್ರ ಚೊಂಬು. ಪ್ರತಿ ಅಳತಿಗೂ ಒಂದೊಂದು ಹೆಸರು ಕೊಡ್ರಿ. ನಾಳೆ ಆ ಹೆಸರಿನ ಮುಂದಿನ ಅಂಕಿ ಬದಲು ಮಾಡಿದ್ರ ಸಾಕು, ಅದನ್ನ ನಂಬಿಕೊಂಡಿದ್ದೆಲ್ಲಾ ತಾನ ಬದಲಾಗತೈತಿ."

ನಾನು ಅರ್ಧ ವೃತ್ತ ಬರೆದು, ಅದರ ನೆಟ್ಟಗಿನ ಅಂಚನ್ನು ನಡುವಿನ ಗೂಟ ಮಾಡಿ ಸುತ್ತ ತಿರುಗಿಸಿದೆ. ಪರದೆಯ ಮೇಲೆ ಗುಂಡಗೆ ಒಂದು ವಸ್ತು ಎದ್ದು ಕೂತಿತು. ಪಕ್ಕದ ಹುಡುಗರು ಚೆಂಡು ಅಂದರು, ಬೇರಿಂಗ್ ಗುಂಡು ಅಂದರು. ಈಗಿನ ಕಾಲದ ಹುಡುಗರ ಹಣೆಬರಹ ಇದು. ಕಣ್ಣಿದ್ದವರಿಗೆ ಅದು ರಾಗಿ ಮುದ್ದೆ ಎಂದು ಗೊತ್ತಾಗುತ್ತಿತ್ತು. ನಾನು ಅದಕ್ಕೆ ರಾಗಿಯ ಬಣ್ಣ ಕೊಟ್ಟೆ, ಅಗಲದ ಅಳತೆಗೆ 'ಮುದ್ದೆ' ಎಂದು ಹೆಸರಿಟ್ಟೆ, ಮುಂದೆ ನೂರು ಮಿಲಿಮೀಟರ್ ಎಂದು ಬರೆದೆ.

ಆಗ ತಾನೇ ಅಶ್ವತ್ಥನ ಮದುವೆ ಮುಗಿದಿತ್ತು. ಸೊಸೆ ಚೈತ್ರ ಯಲಹಂಕದಾಚೆ ರಾಜಾನುಕುಂಟೆಯ ಮುನಿಕೃಷ್ಣಪ್ಪನವರ ಮಗಳು. ನಮ್ಮವರಲ್ಲಿ ಮದುವೆಯ ಛತ್ರದಲ್ಲಿ ಎಷ್ಟು ಬಗೆಯ ಸಿಹಿ ಬಡಿಸಿದಿರಿ ಎಂದು ಯಾರೂ ನೆನಪಿಡುವುದಿಲ್ಲ. ಆಮೇಲೆ ಗಂಡಿನ ಮನೆಯವರು ಹಾಕುವ ಬೀಗರೂಟದ ಮುದ್ದೆ, ಮಟನ್ ಸಾರನ್ನು ಮಾತ್ರ ಸಾಯುವ ತನಕ ಮರೆಯುವುದಿಲ್ಲ. ಬೀಗರು ಎಲೆಯ ಮುಂದೆ ಮುನಿಸಿಕೊಂಡು ಎದ್ದರೆ ಹೊಸದಾಗಿ ಬಂದ ಸೊಸೆ ಎರಡು ಮನೆಗಳ ನಡುವೆ ಸಿಕ್ಕಿಹಾಕಿಕೊಳ್ಳುತ್ತಾಳೆ. ಇದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಮುದ್ದೆಯನ್ನು ಮನುಷ್ಯರ ಕೈಗೆ ಬಿಡದೆ ಕಂಪ್ಯೂಟರಿಗೆ ಒಪ್ಪಿಸಿದೆ.

ಮನುಷ್ಯರ ಕೈ ಅಂದರೆ ನಮ್ಮೂರಿನಲ್ಲಿ ಮಾರಮ್ಮಜ್ಜಿಯ ಕೈ. ಎಪ್ಪತ್ತೈದು ದಾಟಿದೆ. ಯಾರ ಮನೆಯ ಬೀಗರೂಟವಾದರೂ ಹಂಡೆಯ ಪಕ್ಕ ಮಣೆ ಹಾಕಿಕೊಂಡು ಕೂತು, ಸಾಲಿನಲ್ಲಿ ಯಾರ್ಯಾರು ಕೂತಿದ್ದಾರೆಂದು ಕತ್ತೆತ್ತಿ ನೋಡಿ, ಒಬ್ಬೊಬ್ಬರಿಗೆ ಒಂದೊಂದು ಗಾತ್ರದ ಮುದ್ದೆ ಕಟ್ಟುತ್ತಾಳೆ. ನನಗೆ ಯಾವಾಗಲೂ ಚಿಕ್ಕದು. ಮೂವತ್ತು ವರ್ಷದಿಂದ ಚಿಕ್ಕದು! ಸ್ವತಂತ್ರ ದೇಶದಲ್ಲಿ ಇದು ಎಷ್ಟು ಸರಿ? ನಾನೇ ಅವಳ ಮನೆಗೆ ಹೋಗಿ ಕರೆದೆ.

"ಅಜ್ಜೀ, ಈ ಸಲ ನೀನು ಮೈ ನೋಯಿಸ್ಕೋಬೇಡ. ನೆಂಟರ ತರ ಬಂದು ಮೊದಲನೇ ಪಂಕ್ತೀಲಿ ಕೂತು ಊಟ ಮಾಡು. ಮುದ್ದೆ ಅಚ್ಚಿನಲ್ಲಿ ಆಗುತ್ತೆ. ಡಿಸೈನ್ ನಂದೇ. ಎಲ್ಲಾರ್ಗೂ ಒಂದೇ ಸೈಜು."

ಅಜ್ಜಿ ಬಾಯಲ್ಲಿದ್ದ ಎಲೆಅಡಿಕೆ ಉಗಿದು ನನ್ನನ್ನು ನೋಡಿದಳು. "ಎಲ್ಲಾರ್ಗೂ ಒಂದೇ ಒಟ್ಟೆ ಐತೇನ್ಲಾ ಭೂಷ್ಣ?"

ಅನಕ್ಷರಸ್ಥರ ಹತ್ತಿರ ವಾದ ಮಾಡಬಾರದೆಂದು ಎದ್ದು ಬಂದೆ.

ಪೀಣ್ಯದಲ್ಲಿ ಲೇತ್ ಇಟ್ಟುಕೊಂಡಿರುವ ಅಕ್ಬರ್ ಪಾಷಾ ನನ್ನ ಹಳೆಯ ಪರಿಚಯ. ಮೊದಲು ಒಂದೇ ಗುಳಿಯ ಮಾದರಿ ಮಾಡಿಕೊಟ್ಟ. ಮೇಲೆ ಅರ್ಧ, ಕೆಳಗೆ ಅರ್ಧ. ತುಪ್ಪ ಸವರಿ, ಹಿಟ್ಟು ತುಂಬಿ ಮುಚ್ಚಿ ಒತ್ತಿದರೆ ನೂರು ಮಿಲಿಮೀಟರಿನ ಮುದ್ದೆ ಸಲೀಸಾಗಿ ಬಿತ್ತು. ನಾಗಲಕ್ಷ್ಮಿ ಸೊಂಟದ ಮೇಲೆ ಕೈಯಿಟ್ಟುಕೊಂಡು ಅದನ್ನು ನೋಡಿದಳು.

"ರೀ, ಇದೇನು ಬೀಗರಿಗೋ, ಎತ್ತಿಗೋ? ಈಗ ಎಲ್ಲಾರ್ಗೂ ಶುಗರ್ರು, ಬಿಪಿ. ಇದ್ರಲ್ಲಿ ಅರ್ಧ ಸಾಕು. ಬೇಕಾದೋರು ಇನ್ನೊಂದು ಹಾಕಿಸ್ಕೋತಾರೆ."

ಗಮನಿಸಿ, 'ಅರ್ಧ' ಎಂಬ ಮಾತು ಮೊದಲು ಹುಟ್ಟಿದ್ದು ಅವಳ ಬಾಯಲ್ಲಿ. ಊರಿನವರು ಇದನ್ನು ಯಾಕೆ ಮರೆಯುತ್ತಾರೋ ನನಗೆ ಅರ್ಥವಾಗಿಲ್ಲ.

ಮರುದಿನ ನಾಗಸಂದ್ರದಲ್ಲಿ ಹನ್ನೆರಡು ಗುಳಿಯ ದೊಡ್ಡ ತಟ್ಟೆಯ ಮಾಡೆಲ್ ತಯಾರು ಮಾಡಿದೆ. ಗುಳಿಯ ಅಗಲ, ಗುಳಿಗಳ ನಡುವಿನ ಜಾಗ, ತಟ್ಟೆಯ ಉದ್ದ, ಹಿಡಿಯ ದಪ್ಪ, ಎಲ್ಲವನ್ನೂ 'ಮುದ್ದೆ' ಎಂಬ ಅಳತೆಗೆ ಕಟ್ಟಿಹಾಕಿದ್ದೆ. ನೂರನ್ನು ಅಳಿಸಿದೆ. ಐವತ್ತು ಎಂದು ಒತ್ತಿದೆ. ಪರದೆ ಒಮ್ಮೆ ಮಿಟುಕಿ, ಮತ್ತೆ ಅದೇ ತಟ್ಟೆ ಬಂತು. ಮೊದಲಿನಷ್ಟೇ ದೊಡ್ಡದಾಗಿ, ಮೊದಲಿನಷ್ಟೇ ಅಂದವಾಗಿ. ಈ ಸಾಫ್ಟ್‌ವೇರು ಇರುವೆಯನ್ನು ಮಾಡಿದರೂ ಪರದೆ ತುಂಬ ತೋರಿಸುತ್ತದೆ, ಆನೆಯನ್ನು ಮಾಡಿದರೂ ಪರದೆ ತುಂಬ ತೋರಿಸುತ್ತದೆ ಎಂದು ನನಗೆ ಯಾರಾದರೂ ಹೇಳಿದ್ದರೇ?

ಪ್ರತಿಭಾ ಮೇಡಂ ಹಿಂದಿನಿಂದ ಬಗ್ಗಿ ನೋಡಿದರು. "ಸರ್, ಅಳತಿ ಬದಲು ಮಾಡಿದ ಮ್ಯಾಲ ಒಮ್ಮೆ ತೂಕ ಎಷ್ಟ ತೋರಸ್ತೈತಿ ನೋಡಬೇಕ್ರಿ. ಅಲ್ಲೇ ಐತಿ, ಒಂದು ಬಟನ್."

"ಮುದ್ದೇನ ತೂಕ ಹಾಕಿ ತಿನ್ನೋ ಜನ ಅಲ್ಲ ಮೇಡಂ ನಾವು," ಎಂದೆ. "ಇಪ್ಪತ್ತಾರು ವರ್ಷ ಸ್ಟೋರ್ ನಡೆಸಿದೀನಿ. ಅರ್ಧ ಅಂದ್ರೆ ಅರ್ಧಾನೇ."

ಮೇಡಂ ಇನ್ನೇನೋ ಹೇಳಲು ಬಾಯಿ ತೆರೆದರು. ನಾನು ಫೈಲನ್ನು ಅಕ್ಬರ್ ಪಾಷಾಗೆ ಕಳಿಸಿಯಾಗಿತ್ತು.

ಎರಡು ದಿನದ ನಂತರ ಅವನೇ ಫೋನ್ ಮಾಡಿದ. "ಭೂಷಣಣ್ಣ, ಬೇಜಾರ್ ಮಾಡ್ಕೋಬೇಡಿ, ಒಂದು ಮಾತು ಕೇಳ್ತೀನಿ. ಇದ್ರಲ್ಲಿ ಲಡ್ಡು ಮಾಡ್ತೀರಾ?"

ನನಗೆ ಎಲ್ಲಿತ್ತೋ ಕೋಪ. "ಡಿಸೈನ್ ಮಾಡೋದು ನನ್ನ ಕೆಲ್ಸ, ಕೊರೆಯೋದು ನಿನ್ನ ಕೆಲ್ಸ. ಡ್ರಾಯಿಂಗ್‌ನಲ್ಲಿ ಏನಿದೆಯೋ ಹಂಗೇ ಮಾಡು. ಒಂದು ಕೂದಲೆಳೆ ಹೆಚ್ಚುಕಮ್ಮಿ ಆಗ್ಬಾರ್ದು."

ಅಕ್ಬರ್ ಪಾಷಾ ಪ್ರಾಮಾಣಿಕ. ಒಂದು ಕೂದಲೆಳೆಯೂ ಹೆಚ್ಚುಕಮ್ಮಿ ಮಾಡಲಿಲ್ಲ.

ನಾಲ್ಕು ತಟ್ಟೆಗಳು ಬಂದದ್ದು ಬೀಗರೂಟದ ದಿನ ಹನ್ನೊಂದೂವರೆಗೆ, ಪಾಲಿಶ್ ಆಗಿ, ಗೋಣಿಚೀಲದಲ್ಲಿ ಸುತ್ತಿಕೊಂಡು. ಮನೆಯ ಪಕ್ಕದ ಖಾಲಿ ಸೈಟಿನಲ್ಲಿ ಶಾಮಿಯಾನ ಹಾಕಿಸಿದ್ದೆ. ನೆಲದ ಮೇಲೆ ನಲವತ್ತು ಎಲೆ ಹಾಸಿ ಮೊದಲ ಪಂಕ್ತಿಗೆ ಬೀಗರನ್ನು ಕೂರಿಸಿಯಾಗಿತ್ತು. ನಡುವೆ ಮುನಿಕೃಷ್ಣಪ್ಪನವರು, ಬಿಳಿ ಪಂಚೆ, ಹೆಗಲ ಮೇಲೆ ಜರಿ ಟವೆಲ್ಲು. ತುದಿಯಲ್ಲಿ ರೇಷ್ಮೆ ಸೀರೆ ಉಟ್ಟು ಮಾರಮ್ಮಜ್ಜಿ, ನೆಂಟರ ಹಾಗೆ. ಅಡುಗೆಯ ಸುರೇಶ್ ಗೋಣಿ ಬಿಚ್ಚಿ ತಟ್ಟೆಯನ್ನು ಮುಖದ ಹತ್ತಿರ ಹಿಡಿದ.

"ಅಣ್ಣಾ, ಪಡ್ಡಿನ ಕಾವಲಿ ಕಳಿಸವ್ರೆ. ಮುದ್ದೆದೆಲ್ಲಿ?"

ನಾನು ಒಂದು ಗುಳಿಯೊಳಗೆ ಬೆರಳಿಟ್ಟೆ. ಬೆರಳು ಬೇಗ ತಳ ಮುಟ್ಟಿತು. ಆದರೆ ಹೊರಗೆ ನಲವತ್ತು ಜನ ಎಲೆಗೆ ನೀರು ಚಿಮುಕಿಸಿಕೊಂಡು ಕೂತಿದ್ದಾರೆ, ಒಲೆಯ ಮೇಲೆ ಸಾರು ಕುದಿಯುತ್ತಿದೆ, ಹಂಡೆಯಲ್ಲಿ ಹಿಟ್ಟು ಬಿಗಿಯಾಗುತ್ತಿದೆ. ಅಂಥ ಹೊತ್ತಿನಲ್ಲಿ ಡಿಸೈನರ್ ಆದವನು ಧೈರ್ಯ ಕಳೆದುಕೊಳ್ಳಬಾರದು. ಅರ್ಧ ಮಾಡಿದ್ದೇನೆ ತಾನೆ? ಎರಡು ಅರ್ಧ ಸೇರಿದರೆ ಒಂದು.

"ಒತ್ತಯ್ಯಾ. ಎಲೆಗೆ ಎರಡೆರಡು ಹಾಕು," ಎಂದೆ.

ನಲವತ್ತು ಎಲೆಗಳ ಮೇಲೆ ಎರಡೆರಡು ಕಂದು ಗುಂಡು ಬಿದ್ದವು. ದಪ್ಪ ನಿಂಬೆಹಣ್ಣಿನಷ್ಟು. ಮೊದಲು ಬಾಯಿ ಬಿಟ್ಟವಳು ಮಾರಮ್ಮಜ್ಜಿ. ಒಂದನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದು, "ಏನ್ಲಾ ಭೂಷ್ಣ, ಇದು ಮುದ್ದೆ ಬಿತ್ನೆ ಬೀಜವಾ?" ಎಂದಳು.

ಮುನಿಕೃಷ್ಣಪ್ಪನವರು ನಗಲಿಲ್ಲ. ಎಲೆಯನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಎಲೆಯನ್ನು ನೋಡಿದರು.

"ಬೀಗ್ರೇ, ನಮ್ಮಪ್ಪಂಗೆ ಶ್ರೀರಂಗಪಟ್ಣದಾಗೆ ಪಿಂಡ ಇಟ್ಟಿವ್ನಿ ನಾನು. ಅದೇ ಇದಕ್ಕಿಂತ ದೊಡ್ಡದಿತ್ತು."

ಪಿಂಡ ಎಂಬ ಮಾತು ಬೀಗರೂಟದ ಪಂಕ್ತಿಯಲ್ಲಿ ಬಿದ್ದ ಮೇಲೆ ಹೇಳುವುದೇನಿದೆ? ಈ ತುದಿಯಿಂದ ಆ ತುದಿಗೆ ಕ್ಷಣದಲ್ಲಿ ಹರಡಿತು. ಬೀಗಿತ್ತಿ ಕೃಷ್ಣಮ್ಮ ಕೈಯನ್ನು ಎಲೆಯಿಂದ ಹಿಂದಕ್ಕೆಳೆದುಕೊಂಡರು.

"ನೆಂಟರಿಗೇ ಕಾಗೆಗಿಟ್ಟಂಗೆ ಇಡ್ತಾರೆ. ನಮ್ ಉಡ್ಗಿಗೆ ದಿನಾ ಏನಿಟ್ಟಾರು? ಚೈತ್ರ, ಬ್ಯಾಗ್ ತುಂಬ್ಕಳವ್ವ, ಓಗವಾ."

ನೀರಿನ ಜಗ್ಗು ಹಿಡಿದು ನಿಂತಿದ್ದ ಚೈತ್ರ ಅಪ್ಪನ ಮುಖ ನೋಡಿದಳು, ನನ್ನ ಮುಖ ನೋಡಿದಳು. ಕಣ್ಣು ತುಂಬಿಕೊಂಡಿತು. ಮದುವೆಯಾಗಿ ಒಂಬತ್ತು ದಿನ. ಈ ಇಡೀ ಪ್ರಕರಣದಲ್ಲಿ ನನಗೆ ನನ್ನ ಮೇಲೆಯೇ ಕೋಪ ಬಂದದ್ದು ಆಗ ಮಾತ್ರ, ಅದೂ ಸುಮಾರು ಒಂದು ನಿಮಿಷ.

ಆಮೇಲೆ ಲ್ಯಾಪ್‌ಟಾಪ್ ತರಿಸಿದೆ. ಅಶ್ವತ್ಥ ಬಂದು, "ಅಪ್ಪಾ, ಪ್ಲೀಸ್, ಈಗ ಬೇಡ," ಎಂದು ತೋಳು ಹಿಡಿದ. ಸತ್ಯ ಹೇಳಲು ಒಳ್ಳೆಯ ಮುಹೂರ್ತ ನೋಡಬೇಕೇ? ಬೀಗರ ಎಲೆಯ ಮುಂದೆಯೇ ಸ್ಟೂಲ್ ಹಾಕಿ ಮಾಡೆಲ್ ತೆರೆದು ತೋರಿಸಿದೆ.

"ನೋಡಿ ಬೀಗ್ರೇ, ಎಷ್ಟು ದೊಡ್ಡದಿದೆ!"

"ಅದ್ನೇ ಬಡಿಸ್ರಿ ಮತ್ತೆ," ಎಂದರು ಮುನಿಕೃಷ್ಣಪ್ಪ.

ಕೊನೆಗೆ ಪ್ರತಿಭಾ ಮೇಡಂಗೆ ಫೋನ್ ಮಾಡಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದೆ. ಮೇಡಂ ನನ್ನ ಕಥೆ ಪೂರ್ತಿ ಕೇಳಿದರು.

"ಸರ್, ನೀವು ಅಗಲ ಒಂದ ಅರ್ಧ ಮಾಡಿಲ್ಲರಿ. ಗುಂಡಗಿನ ವಸ್ತು ಅದು. ಅಗಲ ಅರ್ಧ ಆತು, ಉದ್ದ ಅರ್ಧ ಆತು, ಎತ್ತರನೂ ಅರ್ಧ ಆತು. ಅರ್ಧದಾಗ ಅರ್ಧ, ಅದರಾಗ ಅರ್ಧ. ಎಂಟನೇ ಒಂದು ಪಾಲು ಉಳೀತು. ತೂಕದ ಬಟನ್ ಒತ್ತರಿ ಅಂದಿದ್ದೆ..."

ಫೋನ್ ಕಟ್ ಮಾಡಿದೆ. ಅವರ ಕೊನೆಯ ಮಾತು ಪ್ರಸ್ತುತಕ್ಕೆ ಸಂಬಂಧಪಟ್ಟದ್ದಾಗಿರಲಿಲ್ಲ. ಮುಖ್ಯವಾದದ್ದು ಎಂಟು! ಎಂಟು ಚಿಕ್ಕದು ಸೇರಿದರೆ ಒಂದು ದೊಡ್ಡದು. ಯಾರಿಗೂ ಒಂದು ತುತ್ತಿನ ಮೋಸವೂ ಇಲ್ಲ. ಸುರೇಶ್‌ನ ಹುಡುಗರು ಐದು ಸಲ ತಟ್ಟೆ ಒತ್ತಿದರು. ಪ್ರತಿ ಎಲೆಗೆ ಇನ್ನೂ ಆರಾರು ಬಿದ್ದವು. ನಾನು ಎದೆಯುಬ್ಬಿಸಿ, "ಈಗ ಲೆಕ್ಕ ಸರಿಹೋಯ್ತಲ್ಲ?" ಎಂದೆ.

ಮುನಿಕೃಷ್ಣಪ್ಪನವರು ತಮ್ಮ ಎಲೆಯ ಮೇಲಿನ ಗುಂಡುಗಳನ್ನು ಒಂದೊಂದಾಗಿ ಬೆರಳಿಟ್ಟು ಎಣಿಸಿದರು. ಏಳು, ಎಂಟು.

"ಅಪ್ಪ, ತಾತ, ಮುತ್ತಾತ, ಮೂರು. ಮಿಕ್ಕಿದ್ದು ಐದು ಯಾರಿಗಯ್ಯಾ? ನಮಗಾ?"

ಟವೆಲ್ಲು ಕೊಡವಿ ಎದ್ದರು. ಅವರ ಹಿಂದೆ ಕೃಷ್ಣಮ್ಮ, ಅವರ ಹಿಂದೆ ಚಿಕ್ಕಪ್ಪ, ದೊಡ್ಡಪ್ಪ, ರಾಜಾನುಕುಂಟೆಯ ಸಮಸ್ತರು. ಅಷ್ಟು ಜನ ಒಟ್ಟಿಗೆ ಎದ್ದ ಸದ್ದು ಪಕ್ಕದ ಬೀದಿಗೂ ಕೇಳಿರಬೇಕು, ಮಹಡಿಗಳ ಮೇಲೆಲ್ಲ ಜನ ಬಂದು ನಿಂತರು. ನಾಗಲಕ್ಷ್ಮಿ ಸೆರಗು ಬಾಯಿಗೆ ಒತ್ತಿಕೊಂಡಳು.

"ಏಯ್!" ಎಂಬ ಕೂಗು ಕೇಳಿತು.

ಮಾರಮ್ಮಜ್ಜಿ ಎದ್ದಿರಲಿಲ್ಲ. ಎಲೆಯ ಮುಂದೆ ಕಲ್ಲಿನ ಹಾಗೆ ಕೂತಿದ್ದಳು.

"ಈ ಸಾಲ್ನಾಗೆ ಇರೀ ತಲೆ ನಂದು. ನಾನಿನ್ನೂ ಎದ್ದಿಲ್ಲ. ಇರಿಯೋರು ಎಲೆ ಬುಟ್ಟು ಏಳಕ್ಕೆ ಮುಂಚೆ ಎದ್ದೋಗಾದ್ನ ನಿಮ್ಮೂರ್ನಾಗೆ ಯಾರು ಕಲಿಸ್ಕೊಟ್ರು? ಕೂತ್ಕಳಿ ಎಲ್ಲಾ!"

ಅರ್ಧ ಎದ್ದವರು ಅರ್ಧದಲ್ಲೇ ನಿಂತರು. ಮುನಿಕೃಷ್ಣಪ್ಪನವರು ಸಿಟ್ಟಿನ ಮನುಷ್ಯರಾದರೂ ಪಂಕ್ತಿಯ ನಿಯಮ ಮುರಿಯುವವರಲ್ಲ. ನಿಧಾನವಾಗಿ ಕೂತರು. ಅವರು ಕೂತ ಮೇಲೆ ಊರೇ ಕೂತಿತು.

ಅಜ್ಜಿ ಬಲಗೈಯನ್ನು ಲೋಟದ ನೀರಿನಲ್ಲಿ ಅದ್ದಿದಳು. ತನ್ನ ಎಲೆಯ ಎಂಟು ಗುಂಡುಗಳನ್ನು ಬಾಚಿ, ಹಿಸುಕಿ, ಅಂಗೈಯಲ್ಲಿ ನಾಲ್ಕು ಸುತ್ತು ತಿರುಗಿಸಿ ಎಲೆಯ ಮೇಲಿಟ್ಟಳು. ಅದು ಮುದ್ದೆ. ಒಂದು ಬಿರುಕಿಲ್ಲ. ಹಬೆ ಇನ್ನೂ ಏಳುತ್ತಿತ್ತು.

"ನೋಡ್ದೇನ್ಲಾ? ಬಾ ಇಲ್ಲಿ. ಒಂದೊಂದು ಎಲೆ ಮುಂದೂ ಕುಕ್ರುಬಡ್ದು ನೀನೇ ಕಟ್ಟು. ಎಷ್ಟೆಷ್ಟು ಅಂತ ನಾನು ಏಳ್ತೀನಿ."

ಇಪ್ಪತ್ತಾರು ವರ್ಷ ಸರ್ವಿಸ್ ಮಾಡಿದವನು, ಗಂಡಿನ ತಂದೆ, ನಲವತ್ತು ಎಲೆಗಳ ಮುಂದೆ ಕುಕ್ಕರಗಾಲಲ್ಲಿ! ನಾನು ಒಪ್ಪುತ್ತಿರಲಿಲ್ಲ. ಆದರೆ ಶಾಮಿಯಾನದ ಬಾಗಿಲ ಹತ್ತಿರ ಚೈತ್ರ ಜಗ್ಗು ಇನ್ನೂ ಕೆಳಗಿಟ್ಟಿರಲಿಲ್ಲ, ಬ್ಯಾಗ್ ತುಂಬಲೂ ಹೋಗಿರಲಿಲ್ಲ. ನಾನು ಪಂಚೆ ಎತ್ತಿ ಕಟ್ಟಿದೆ.

ರಾಗಿ ಹಿಟ್ಟು ಮೇಲೆ ಆರಿದಂತೆ ಕಂಡರೂ ಒಳಗೆ ಬೆಂಕಿ. ಮೊದಲನೆಯ ಎಲೆಯಲ್ಲೇ ಬೆರಳು ಚುರುಗುಟ್ಟಿತು. ಆಗ ಪಕ್ಕದಲ್ಲಿ ಯಾರೋ ಬೋಗುಣಿ ತಣ್ಣೀರು ಹಿಡಿದರು. ನೋಡಿದರೆ ಚೈತ್ರ. "ಅದ್ಕೊಳಿ ಮಾವ," ಎಂದಳು ಮೆಲ್ಲಗೆ. ಎಲೆಯಿಂದ ಎಲೆಗೆ ಹೋದಂತೆ ಅವಳೂ ಬೋಗುಣಿ ಹಿಡಿದು ಜೊತೆಗೆ ಬಂದಳು. ತುದಿಯಿಂದ ಅಜ್ಜಿಯ ಅಪ್ಪಣೆ ಬರುತ್ತಲೇ ಇತ್ತು.

"ಆ ಕೆಂಪು ಅಂಗಿಗೆ ಹತ್ತು, ಗೇಯೋ ಮೈ ಅದು. ಅವನ ಪಕ್ಕದೋನಿಗೆ ಐದು ಸಾಕು, ಕಾಲು ಊದವೆ, ಶುಗರ್ರು. ಆ ಮಗೀಗೆ ಎರಡು. ಬಸ್ರಿಗೆ ಏಳು, ತುಪ್ಪ ಜಾಸ್ತಿ ಆಕು."

ಇಲ್ಲಿ ಒಂದು ವಿಷಯವನ್ನು ತಜ್ಞರು ಗಮನಿಸಬೇಕು. ಒಬ್ಬೊಬ್ಬರಿಗೆ ಬೇರೆ ಬೇರೆ ಅಂಕಿ ಹಾಕಿ ಬೇರೆ ಬೇರೆ ಗಾತ್ರ ಪಡೆಯುವುದು ನನ್ನ ಐವತ್ತು ಮಿಲಿಮೀಟರಿನ ಗುಂಡುಗಳಿಂದಲೇ ಸಾಧ್ಯವಾಯಿತು. ಇದನ್ನು ಇಲ್ಲಿಯತನಕ ಊರಿನಲ್ಲಿ ಒಬ್ಬನೂ ಒಪ್ಪಿಕೊಂಡಿಲ್ಲ.

ನಡುವೆ, ಮನಸ್ಸು ತಡೆಯದೆ, "ಅಜ್ಜೀ, ನಂಗ್ಯಾಕೆ ಮೂವತ್ತು ವರ್ಷದಿಂದ ಚಿಕ್ಕದು?" ಎಂದು ಕೇಳಿಯೇಬಿಟ್ಟೆ.

"ನೀನು ಮಾತಾಡ್ತಾ ಕೂತು ಆರಿಸ್ಕಂಡು ಎಲೇಲೇ ಬುಡ್ತಿದ್ದೆ ಕಣ್ಲಾ. ರಾಗಿ ಯಾಕೆ ದಂಡ ಮಾಡಾನ?"

ಪಂಕ್ತಿ ಗೊಳ್ಳೆಂದಿತು. ನಾನು ಅವಮಾನ ನುಂಗಿಕೊಂಡು ಕೊನೆಯ ಎಲೆಗೆ ಬಂದೆ. ಮುನಿಕೃಷ್ಣಪ್ಪನವರನ್ನು ಅಜ್ಜಿ ಬೇಕೆಂದೇ ಕೊನೆಗೆ ಉಳಿಸಿದ್ದಳು. ಅವರು ಕೈ ಕಟ್ಟಿಕೊಂಡು ಕೂತಿದ್ದರು. ಈ ಎಲೆಗೆ ಮಾತ್ರ ಅಜ್ಜಿ ಅಂಕಿ ಹೇಳಲಿಲ್ಲ. ನಾನು ಎಂಟನ್ನೂ ಸೇರಿಸಿ ಹಿಸುಕಿದೆ. ಬೆರಳುಗಳಲ್ಲಿ ಬೊಬ್ಬೆ ಎದ್ದಿದ್ದವು, ಮುದ್ದೆ ಒಂದು ಕಡೆಗೆ ವಾಲಿಕೊಂಡು ಸೊಟ್ಟಗೆ ನಿಂತಿತು. ಅವರು ಮುದ್ದೆ ನೋಡಲಿಲ್ಲ, ನನ್ನ ಕೈ ನೋಡಿದರು. ಆಮೇಲೆ ಬೋಗುಣಿ ಹಿಡಿದ ಮಗಳ ಕೈ ನೋಡಿದರು.

"ಇನ್ನೊಂದು ಸೇರಿಸ್ರಿ. ನಂಗೆ ಎಂಟು ಸಾಲದು," ಎಂದರು.

ಮುದ್ದೆ ಮುರಿದರು. ಕೃಷ್ಣಮ್ಮನವರ ಕೈ ಎಲೆಗೆ ಬಂತು. ಸಾರು ಬಂತು. ಚೈತ್ರ ನನ್ನ ಕಡೆ ನೋಡಿ ಕಣ್ಣೊರೆಸಿಕೊಂಡು ನಕ್ಕಳು. ಸುಳ್ಳೇಕೆ ಹೇಳಲಿ, ನನಗೂ ಕಣ್ಣು ಮಂಜಾಯಿತು. ಒಲೆಯ ಹೊಗೆ ಎಂದು ಎಲ್ಲರಿಗೂ ಹೇಳಿದೆ.

ಇಷ್ಟೇ ನಡೆದದ್ದು. ಬೀಗರು ಎರಡು ಸಲ ಹಾಕಿಸಿಕೊಂಡು ಉಂಡದ್ದನ್ನು ಊರು ಮರೆತಿದೆ. ನನ್ನ ಕೈಯ ಬೊಬ್ಬೆಯನ್ನು ಮರೆತಿದೆ. ಪಿಂಡ ಎಂಬ ಮಾತೊಂದನ್ನೇ ಹಿಡಿದುಕೊಂಡು ಕೂತಿದೆ. ಮೊನ್ನೆ ಭಾನುವಾರ ಮುನಿಕೃಷ್ಣಪ್ಪನವರು ಮಗಳನ್ನು ನೋಡಲು ಬಂದಾಗ, ನನ್ನ ಪರವಾಗಿ ಹೇಳಲು ಇವರಾದರೂ ಇದ್ದಾರಲ್ಲ ಎಂದು ಗುಮಾಸ್ತನ ದೂರು, ಕ್ಷೌರದವನ ದೂರು ಎಲ್ಲ ಹೇಳಿಕೊಂಡೆ. ಅವರು ಕಾಫಿ ಕುಡಿಯುತ್ತ, ತಲೆದೂಗುತ್ತ, ಪೂರ್ತಿ ಕೇಳಿಸಿಕೊಂಡರು. ಹೊರಡುವಾಗ ಬಾಗಿಲ ತನಕ ಹೋದವರು ಸಂಕೋಚದಿಂದ ತಿರುಗಿ ನಿಂತರು.

"ಬೀಗ್ರೇ, ಮಾಲಯ ಅಮಾಸೆಗೆ ಶ್ರೀರಂಗಪಟ್ಣಕ್ಕೆ ಓಯ್ತಾ ಇವ್ನಿ, ನಮ್ಮಪ್ಪಂದು. ಆ ತಟ್ಟೆ ಒಂದ್ ಸಲ ಕೊಟ್ಟಿರ್ತೀರಾ?"

ನನ್ನ ಮೈಯೆಲ್ಲ ಉರಿದುಹೋಯಿತು. ಆದರೂ ಡಿಸೈನರ್ ಆದವನು ಕೇಳಲೇಬೇಕಾದ ಪ್ರಶ್ನೆ ಒಂದಿರುತ್ತದೆ. "ಅಳತೆ ಏನಾದ್ರೂ ಬದಲಾಯಿಸ್ಬೇಕಾ?" ಎಂದೆ.

"ಬ್ಯಾಡ ಬ್ಯಾಡ," ಎಂದರು ಬೀಗರು. "ಅದಕ್ಕೆ ಇದೇ ಸರಿಯಾಗೈತೆ."